ಒಲೆಯ ಮೇಲೆ ಒಣಗಿದ ಚೀಲ

೧೯೫೩ರಲ್ಲಿ ನಾನು ಚಿಂಚೋಳಿ ತಾಲೂಕಿನ ವ್ಯಾಕ್ಸಿನೇಟರ್. ಸಿಡುಬಿನ ಲಸಿಕೆ ಚುಚ್ಚುವ ಕೆಲಸ. ಮೀಸೆಗಿಂತ ಮೊದಲು ನಾಲಿಗೆ ಬೆಳೆದಿದ್ದ ವಯಸ್ಸು. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಮೂಗಿನಲ್ಲಿ ಮಾತಾಡುವುದನ್ನು ಅಣಕಿಸಿ ಆಫೀಸನ್ನು ನಗಿಸುತ್ತಿದ್ದೆ. ಒಮ್ಮೆ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಮರುದಿನ ಕುಂಚಾವರಂ ಗುಡ್ಡಗಳ ಡ್ಯೂಟಿ ಬಿತ್ತು.

ಬೆನ್ನಿಗೆ ಚೀಲ ಕಟ್ಟಿ ಎರಡು ದಿನ ಕಾಡಿನಲ್ಲಿ ನಡೆದೆ. ಚೀಲದಲ್ಲಿದ್ದದ್ದು ಎಂಟು ಗಾಜಿನ ಕೊಳವೆ ಲಿಂಫ್, ಅಂದರೆ ಲಸಿಕೆಯ ದ್ರವ. ಬಿಸಿ ತಾಗಿದರೆ ಅದು ಕೆಡುತ್ತದೆ. ಅದಕ್ಕೇ ಹಳ್ಳ ಸಿಕ್ಕಲ್ಲೆಲ್ಲ ಚೀಲ ನೆನೆಸುತ್ತ ಹೋದೆ. ಕೊನೆಯ ಹಳ್ಳದಲ್ಲಿ ಜಾರಿ ಪಾದ ಉಳುಕಿತು.

ಕುಂಟುತ್ತ ಏಳು ಮನೆಗಳ ಆ ಊರು ಮುಟ್ಟಿದೆ. ಮೊದಲ ಮನೆಯಲ್ಲಿ ಮಲ್ಲಮ್ಮ ಎಂಬ ಮುದುಕಿ, ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು.

“ಕುಂಟಕೋತ ಬಂದಿ ಅಂತ ಬಾಗಿಲ ತೆಗದೀನಿ,” ಎಂದಳು. “ಇದರ ಅವ್ವನ್ನ ಹ್ವಾದ ವರ್ಷ ದೇವಿ ಒಯ್ದಳು.” ಸಿಡುಬಿಗೆ ಅಲ್ಲಿ ದೇವಿ ಎನ್ನುತ್ತಾರೆ.

ದೇವಿ ಬರದಂತೆ ಚುಚ್ಚಲು ಬಂದಿದ್ದೇನೆಂದು ನಮ್ಮ ಸಾಹೇಬರ ಮೂಗಿನ ದನಿಯಲ್ಲಿ ಹೇಳಿ, ಅದು ಯಾರ ದನಿಯೆಂದೂ ಹೇಳಿದೆ. ಕೂಸು ಕಿಲಕಿಲ ನಕ್ಕಿತು.

“ಇನ್ನೊಮ್ಮಿ ಮಾಡು,” ಎಂದಳು ಮುದುಕಿ. “ಮೊದಲ ಉಣ್ಣು. ಆಮ್ಯಾಲ ಚುಚ್ಚೀಯಂತ.”

ರೊಟ್ಟಿ ಉಂಡು, ಕಾಲಿಗೆ ಅರಿಸಿನ ಕಟ್ಟಿಸಿಕೊಂಡು ನಿದ್ದೆ ಹೋದೆ. ಎದ್ದಾಗ ಚೀಲ ಒಲೆಯ ಮೇಲೆ ತೂಗುತ್ತಿತ್ತು. ಬಂದವರ ಒದ್ದೆ ಸಾಮಾನು ಒಣಗಿಸದೆ ಕೊಡುವುದು ಆ ಕಡೆ ಮರ್ಯಾದೆಯಲ್ಲ.

“ತೊಯ್ದು ತೊಪ್ಪಿ ಆಗಿತ್ತಪ. ಈಗ ಖಣಖಣ ಒಣಗ್ಯದ ನೋಡು.”

ಕೊಳವೆಗಳು ಚಹಾದ ಗ್ಲಾಸಿನಷ್ಟು ಬಿಸಿ. ಇಷ್ಟು ಹರಟಿದವನು ಚೀಲದಲ್ಲಿ ಏನಿದೆಯೆಂದು ಮಾತ್ರ ಹೇಳಿರಲಿಲ್ಲ. ಕೆಟ್ಟ ಲಿಂಫನ್ನೇ ಚುಚ್ಚಿ ರಿಜಿಸ್ಟರ್ ತುಂಬಬಹುದಿತ್ತು. ಕೂಸು ಇನ್ನೂ ನನ್ನ ಮೂಗನ್ನೇ ನೋಡುತ್ತಿತ್ತು, ಕೈ ಏಳಲಿಲ್ಲ.

“ಐದು ದಿನದಾಗ ಹೊಸಾದು ತರ್ತೀನಿ, ಆಯಿ. ಕೂಸಿನ್ನ ಹೊರಗ ಬಿಡಬ್ಯಾಡ.”

“ಆ ಮೂಗಿನ ಸಾಹೇಬನ್ನೂ ಕರ್ಕೊಂಡು ಬಾ. ಖರೇನೇ ಹಂಗ ಮಾತಾಡ್ತಾನೇನು ನೋಡ್ತೀನಿ.”

ಉಳುಕಿದ ಕಾಲು ಒಂದು ದಿನ ತಿಂದಿತು. ಆರನೆಯ ದಿನ ಹೋದಾಗ ಅವಳ ಬಾಗಿಲಿಗೆ ಮುಳ್ಳು ಒಡ್ಡಿತ್ತು.

“ಹಳ್ಳದಾಚಿ ದೇವಿ ಬಂದಾಳಂತ ಸುದ್ದಿ ಬಂತು,” ಎಂದ ಪಕ್ಕದ ಮನೆಯವನು. “ನಿನ್ನಿ ಸಂಜಿತನ ನಿನ್ನ ಹಾದಿ ನೋಡಿ, ಕೂಸಿನ್ನ ಎತ್ಕೊಂಡು ತೆಲುಗರ ಸೀಮಿಗಿ ಹ್ವಾದ್ಳು.”

ಉಳಿದವರಿಗೆಲ್ಲ ಚುಚ್ಚಿದೆ. ಗಡಿಯ ಊರುಗಳಲ್ಲಿ ವಿಚಾರಿಸಿದೆ. ಯಾರೂ ನೋಡಿರಲಿಲ್ಲ.

ಮೂರು ವರ್ಷವಾಯಿತು. ಈಗ ವಾಡಿ ರೈಲು ಜಂಕ್ಷನ್ನಿನಲ್ಲಿ ಅದೇ ಕೆಲಸ. ಯಾರ ಮನೆಗೆ ಹೋದರೂ ಚೀಲ ಇಳಿಸುವ ಮೊದಲೇ ಅದರಲ್ಲಿ ಏನಿದೆ, ಅದಕ್ಕೆ ಏನು ತಾಗಬಾರದು ಎಂದು ಹೇಳುತ್ತೇನೆ, ನನ್ನದೇ ದನಿಯಲ್ಲಿ. ಅಣಕು ಆಮೇಲೆ. ಕೆಲಸ ಕಲಿಸಿದ್ದು ಇಷ್ಟೇ. ಆ ಕೂಸಿಗೆ ಈಗ ಐದು ವರ್ಷವಾಗಿರಬೇಕು. ಗುಡ್ಡದ ಕಡೆಯವರು ರೈಲು ಇಳಿದರೆ ಪುಟ್ಟ ಹುಡುಗಿಯರ ತೋಳಿನಲ್ಲಿ ಲಸಿಕೆಯ ಕಲೆ ಇದೆಯೇ ಎಂದು ನೋಡುತ್ತ ನಿಲ್ಲುತ್ತೇನೆ. ಬೇರೆ ಯಾರಾದರೂ ಅವಳಿಗೆ ಚುಚ್ಚಿರಲಿ.