ಎಬ್ರೋ ನದಿಯ ಮೀನಿಗೆ ಸಿಕ್ಕ ರಿಲೀಸ್

ಒಮಾನಿನಲ್ಲಿ ನಮ್ಮ ಕಂಪನಿಯ ಮ್ಯಾನೇಜರ್ ಇಂಗ್ಲೆಂಡಿನವನು. ಪ್ರತಿ ವರ್ಷ ರಜೆಯಲ್ಲಿ ಸ್ಪೇನಿಗೆ ಹೋಗಿ ಎಬ್ರೋ ನದಿಯಲ್ಲಿ ಗಾಳ ಹಾಕುತ್ತಿದ್ದ. ಮೊದಲ ಸಲ ಹೇಳಿದಾಗ ನನ್ನ ಕಿವಿಗೆ ಅದು ಇಬ್ರಾ ಎಂದೇ ಬಿತ್ತು. ಒಮಾನಿನ ಒಳನಾಡಿನ ಆ ಊರಿಗೆ ನಮ್ಮ ಕಂಪನಿಯ ಸಿಮೆಂಟ್ ಲಾರಿ ಹೋಗುತ್ತಿತ್ತು. ಅಲ್ಲಿನ ಹೊಳೆಯಲ್ಲಿ ಕಾಲು ತೊಳೆಯುವಷ್ಟು ನೀರನ್ನೂ ನಮ್ಮ ಡ್ರೈವರುಗಳು ಕಂಡಿರಲಿಲ್ಲ. ಬಿಸಿಲಿಗೆ ಸಾಹೇಬರ ತಲೆ ಕೆಟ್ಟಿದೆ ಎಂದುಕೊಂಡೆ.

ಆಮೇಲೆ ಫೋಟೋ ತೋರಿಸಿದ. ಸೊಂಟದವರೆಗೆ ನೀರಿನಲ್ಲಿ ನಿಂತ ಸಾಹೇಬ, ತೋಳಿನಲ್ಲಿ ಅವನಿಗಿಂತ ಉದ್ದದ, ಮೀಸೆಯಿರುವ ಮೀನು. ನಮ್ಮೂರ ಗದ್ದೆಯ ಮುಗುಡಿನ ಜಾತಿಯದ್ದೇ, ಆದರೆ ಬಾಯಿ ಮಾತ್ರ ಕೊಡಪಾನ ಹೋಗುವಷ್ಟು ದೊಡ್ಡದು. ಗಂಟೆಗಟ್ಟಲೆ ಎಳೆದಾಡಿ, ಕೈಗವಸು ಹಾಕಿ ದವಡೆ ಹಿಡಿದು ದಡಕ್ಕೆ ತಂದು, ಚರ್ಮ ಒಣಗದಂತೆ ಒದ್ದೆ ಚಾಪೆಯ ಮೇಲೆ ಮಲಗಿಸಿ, ತೂಗಿ, ಫೋಟೋ ತೆಗೆದು, ಮತ್ತೆ ನೀರಿಗಿಳಿಸಿ, ಅದು ಚೇತರಿಸಿಕೊಳ್ಳುವವರೆಗೆ ಹಿಡಿದು ನಿಂತು "ರಿಲೀಸ್" ಮಾಡಿದನಂತೆ. ಹೇಳುವಾಗ ಅವನ ಕಣ್ಣಂಚು ಒದ್ದೆಯಾಗಿತ್ತು.

ರೂಮಿನಲ್ಲಿ ಅಡುಗೆ ಮಾಡುತ್ತಿದ್ದ ಉಡುಪಿಯ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಸೌಟು ಕೆಳಗಿಟ್ಟ. "ಬಿಟ್ಟದ್ದಾ? ಅಷ್ಟು ದೊಡ್ಡ ಮೀನು? ಎಂಥ ಅವಸ್ಥೆ ಮಾರಾಯ! ತಲೆಯಾದ್ರೂ ಇಟ್ಕೊಳ್ಬಾರ್ದಿತ್ತಾ?" ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲ.

ನನಗೆ ಮಾತ್ರ ಆಸೆ ಹುಟ್ಟಿತು. ಒಮಾನಿನಲ್ಲಿ ಕಂಪನಿ ಬದಲಿಸಬೇಕಾದರೆ ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಧಣಿ, ಬಿಟ್ಟುಕೊಡುವ ಪತ್ರಕ್ಕೂ ನಾವು ರಿಲೀಸ್ ಎಂದೇ ಹೇಳುತ್ತಿದ್ದೆವು. ಸಲಾಲಾದಲ್ಲಿ ನನಗೊಂದು ಕೆಲಸ ಸಿಕ್ಕಿತ್ತು, ಫ್ಯಾಮಿಲಿ ವೀಸಾ ಸಮೇತ. ಮದುವೆಯಾದ ಐದು ವರ್ಷದಲ್ಲಿ ನಾನು ಹೆಂಡತಿಯ ಜೊತೆ ಇದ್ದದ್ದು ಎರಡೇ ರಜೆ. ಮ್ಯಾನೇಜರ್ ಹೂಂ ಅಂದರೆ ಕಫೀಲ್ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ. ಮೀನಿಗೇ ಇಷ್ಟು ಕರುಣೆ ತೋರಿಸುವವನು ತನ್ನ ಟೈಪಿಸ್ಟಿಗೆ ಇಲ್ಲ ಅನ್ನುತ್ತಾನೆಯೇ?

ಪತ್ರವನ್ನು ನಾನೇ ಟೈಪ್ ಮಾಡಿ ಒಯ್ದೆ. ಸಾಹೇಬ ಓದಿ ನಕ್ಕ. "ಮೀನು ಇನ್ನೊಂದು ಸಿಗುತ್ತದೆ. ನಿನ್ನಂಥ ಟೈಪಿಸ್ಟ್ ಎಲ್ಲಿ ಸಿಗುತ್ತಾನೆ?" ಎಂದು ಬೆನ್ನು ತಟ್ಟಿ ಪತ್ರ ವಾಪಸು ಕೊಟ್ಟ. ನಾಚಿಕೆಗೇಡೆಂದರೆ, ಹೊರಗೆ ಬರುವಾಗ ನನಗೆ ಹೆಮ್ಮೆಯಾಗಿತ್ತು.

ಸಂಜೆ ಬೂತಿನಿಂದ ಊರಿಗೆ ಫೋನ್ ಮಾಡಿದೆ. "ರಿಲೀಸ್ ಸಿಕ್ಕಿತಾ?" ಎಂದಳು ಹೆಂಡತಿ. ಸಿಗಲಿಲ್ಲ, ಆದರೆ ನಾನಿಲ್ಲದೆ ಆಫೀಸು ನಡೆಯುವುದೇ ಇಲ್ಲ ಅಂತ ಸಾಹೇಬರು ಹೇಳಿದರು ಎಂದೆ.

"ಹಾಗಾದ್ರೆ ಅವರೊಟ್ಟಿಗೇ ಸಂಸಾರ ಮಾಡಿ," ಎಂದು ಫೋನ್ ಇಟ್ಟಳು.