ಅರ್ಧ ಬಿಳಿ ಪಂಚೆ

ಹಳೇ ಕಾಲದ ಬಟ್ಟೆ ಸೋಪು, ನೀಲಿ, ಸೋಪಿನ ಪುಡಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ನನ್ನ ವಯಸ್ಸಿನ ಗಂಡಸರು ಕಣ್ಣು ಒದ್ದೆ ಮಾಡಿಕೊಳ್ಳುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಹಾ, ಆ ಘಮ, ಆ ಬಿಳುಪು ಅನ್ನುತ್ತಾರೆ. ಅವರಲ್ಲಿ ಒಬ್ಬ ಮಹಾನುಭಾವನಾದರೂ ಜನ್ಮದಲ್ಲಿ ಒಂದು ಕರವಸ್ತ್ರ ಹಿಂಡಿದವನಲ್ಲ. ಒಗೆದ ಬಟ್ಟೆ ಗಳುವಿನ ಮೇಲೆ ತಾನಾಗಿ ಬೆಳೆಯುತ್ತದೆಂದು ತಿಳಿದಿದ್ದವರು.

ಐವತ್ತರ ದಶಕದ ಕೊನೆಯಲ್ಲಿ ನಾವು ಬೇಲೂರಿನಲ್ಲಿದ್ದೆವು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು. ನಮ್ಮ ಬೀದಿಯ ಮನೆಗಳಿಗೆ ಆಗಲೇ ಬಾರ್ ಸೋಪು ಬಂದಿತ್ತು. ಮೊಳದುದ್ದದ ಸೋಪನ್ನು ಅಂಗಡಿಯವನು ದಾರದಲ್ಲಿ ಕೊಯ್ದು ಕೊಡುತ್ತಿದ್ದ. ನಮ್ಮ ಮನೆಗೆ ಮಾತ್ರ ಅಮ್ಮನ ತವರು ಜಾವಗಲ್ಲಿನಿಂದ ಚೌಳು ಮಣ್ಣು ಬರುತ್ತಿತ್ತು. ಅದನ್ನು ನೀರಿಗೆ ಕಲಸಿ, ಬಟ್ಟೆ ನೆನೆಹಾಕಿ, ಹಿತ್ತಲ ಬಾವಿಯ ಕಲ್ಲಿನ ಮೇಲೆ ಬಡಿಯಬೇಕು. ಬಟ್ಟೆಯ ಕೊಳೆ ಹೋಗುತ್ತಿತ್ತೋ ಇಲ್ಲವೋ, ಅಮ್ಮನ ಅಂಗೈಯ ಚರ್ಮ ಮಾತ್ರ ಚೆನ್ನಾಗಿ ಹೋಗುತ್ತಿತ್ತು. ಬೆರಳ ಸಂದಿಯಲ್ಲೆಲ್ಲ ಬಿರುಕು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಮಲಗುವ ಮುಂಚೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು.

"ಒಂದು ತುಂಡು ಸೋಪು ತಂದ್ಕೊಡಿ ಅಂದ್ರೆ" ಎಂದು ಅವಳು ಕೇಳಿದಾಗಲೆಲ್ಲ ಅಪ್ಪನ ಬಳಿ ಶಾಸ್ತ್ರ ಸಿದ್ಧವಾಗಿರುತ್ತಿತ್ತು.

"ಸೋಪಿಗೆ ಕೊಬ್ಬು ಹಾಕ್ತಾರೆ ಕಣೇ. ಅಮ್ಮನ ಮಡಿಗೆ ಆಗೋಲ್ಲ. ಮನೆಯೊಳಗೆ ತರಕೂಡದು ಅಂದಿದಾರೆ. ನಾನೇನು ಮಾಡ್ಲಿ?"

ಪಾಪ, ಅವರೇನು ಮಾಡಿಯಾರು. ಅಪ್ಪನ ಗಡ್ಡದ ಸೋಪು ಮಾತ್ರ ಕಿಟಕಿಯಲ್ಲಿ ರಾಜನಂತೆ ಕೂತಿರುತ್ತಿತ್ತು. ಅದನ್ನು ಕಂಪನಿಯವರು ತುಳಸಿ ನೀರಿನಲ್ಲಿ ಮಾಡುತ್ತಿದ್ದರೆಂದು ಕಾಣುತ್ತದೆ.

ಅಜ್ಜಿಯನ್ನೇ ಕೇಳೋಣವೆಂದರೆ ಸೊಸೆಯಾದವಳಿಗೆ ಅಷ್ಟು ಬಾಯಿ ಇರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟರೆ ಊಟ ಮುಗಿಯುವತನಕ ಅಜ್ಜಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ತನ್ನ ಅಡುಗೆ ತಾನೇ ಮಾಡಿಕೊಂಡು, ತನ್ನ ಸೀರೆ ತಾನೇ ಜಾಲಿಸಿಕೊಂಡು ದೂರವೇ ಇರುತ್ತಿದ್ದಳು. "ಈ ಮಡಿಗಿಷ್ಟು ಬೆಂಕಿ ಹಾಕ" ಎಂದು ಅಮ್ಮ ಬಟ್ಟೆ ಬಡಿಯುತ್ತಾ ಗೊಣಗುವುದನ್ನು ನಾನೇ ಕೇಳಿದ್ದೇನೆ. ನಾನು ಅಮ್ಮನ ಪಕ್ಷ. ಅಜ್ಜಿ ಕೊಟ್ಟ ಕೊಬ್ಬರಿ ಬೆಲ್ಲ ತಿಂದು ಅಜ್ಜಿಯ ಮೇಲೇ ಹಲ್ಲು ಮಸೆಯುತ್ತಿದ್ದೆ.

ಒಂದು ಸಂತೆಯ ದಿನ, ಅರಸೀಕೆರೆ, ಹಳೇಬೀಡುಗಳನ್ನು ಉದ್ಧಾರ ಮಾಡಿ ಮುಗಿಸಿ, ಸೋಪಿನ ಪುಡಿಯ ವ್ಯಾನು ಬೇಲೂರಿಗೆ ಬಂತು. ಬಟ್ಟೆ ತನ್ನಿ, ನಿಮ್ಮ ಎದುರಿಗೇ ಪುಕ್ಕಟೆ ಒಗೆದು ತೋರಿಸುತ್ತೇವೆ ಎಂದು ಮೈಕಿನಲ್ಲಿ ಕೂಗಿದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಅಪ್ಪ ತಮ್ಮ ಒಳ್ಳೇ ಪಂಚೆಯನ್ನು ಗಳುವಿನಿಂದ ಎಳೆದುಕೊಂಡು, ನನ್ನ ಕೈ ಹಿಡಿದು ಹೊರಟರು. ಕೊಬ್ಬಿನ ವಿಷಯ ಆ ಹೊತ್ತಿಗೆ ಮರೆತುಹೋಗಿತ್ತು.

ವ್ಯಾನಿನವನು ಪಂಚೆಯ ಒಂದು ಅರ್ಧವನ್ನು ಮಾತ್ರ ನೊರೆಯಲ್ಲಿ ಅದ್ದಿ ಉಜ್ಜಿದ. ಆಮೇಲೆ ಇಬ್ಬರು ಅದನ್ನು ಉದ್ದಕ್ಕೆ ಹಿಡಿದು ಸಂತೆಗೆಲ್ಲ ತೋರಿಸಿದರು. ಒಂದು ಕಡೆ ಮಲ್ಲಿಗೆ ಬಿಳುಪು, ಇನ್ನೊಂದು ಕಡೆ ಮಾಸಲು ಕಂದು.

"ನೋಡಿ ಸ್ವಾಮಿ, ಈ ಕಡೆ ನಮ್ಮ ಪುಡಿ. ಆ ಕಡೆ ಈ ಯಜಮಾನರ ಮನೆಯೋರು" ಅಂದ.

ಜನ ನಕ್ಕರು. ಅಪ್ಪನೂ ನಕ್ಕರು. ಉಳಿದರ್ಧವನ್ನೂ ಒಗೆದುಕೊಡಪ್ಪಾ ಎಂದು ಕೇಳಿದ್ದಕ್ಕೆ, "ಅದಕ್ಕೆ ಪೊಟ್ಟಣ ತಗೊಳ್ಳಿ ಸ್ವಾಮಿ" ಅಂದ. ಅಪ್ಪ ತಗೊಳ್ಳಲಿಲ್ಲ.

ಮನೆಗೆ ಬಂದವರೇ ಒದ್ದೆ ಪಂಚೆಯನ್ನು ಅಮ್ಮನ ಮುಂದೆ ಎಸೆದರು. "ಸಂತೇಲಿ ನನ್ನ ಮಾನ ಹೋಯ್ತು. ನಿನ್ನ ಒಗೆತ ನೋಡ್ಕೋ. ನಾಳೆ ಹೊತ್ತಿಗೆ ಈ ಕಡೇನೂ ಹಂಗೇ ಆಗ್ಬೇಕು."

ವ್ಯಾನಿನವನು ಹೇಳಿದ್ದನ್ನೂ ಜನ ನಕ್ಕದ್ದನ್ನೂ ನಾನು ಒದರಿಬಿಟ್ಟೆ. ಅಮ್ಮ ಪಂಚೆಯ ಎರಡು ಕಡೆಯನ್ನೂ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದಳು.

"ಮಣ್ಣಲ್ಲಿ ಒಗೆದ್ರೆ ಮಣ್ಣಿನ ಬಣ್ಣಾನೇ ಬರೋದು. ಸೋಪು ಬೇಡ ಅಂದೋರು ಒಳಗಿದಾರೆ. ಅವರನ್ನ ಕೇಳಿ."

ಅಜ್ಜಿ ಇನ್ನೂ ಊಟ ಮಾಡಿರಲಿಲ್ಲ. ಮಡಿಸೀರೆಯಲ್ಲೇ ಹೊಸ್ತಿಲಿಗೆ ಬಂದಳು. "ಏನಂದೆ?"

"ನೀವೇ ಅಂದ್ರಂತಲ್ಲ ಅತ್ತೆ, ಸೋಪಲ್ಲಿ ಕೊಬ್ಬು ಇರತ್ತೆ, ಮನೆಗೆ ತರಕೂಡದು ಅಂತ."

ಅಜ್ಜಿ ಮಗನ ಕಡೆ ತಿರುಗಿದಳು. ಮಗನಿಗೆ ಅದೇ ಕ್ಷಣದಲ್ಲಿ ಮಾಡಿನ ತೊಲೆಗಳ ಬಗ್ಗೆ ಭಾರೀ ಆಸಕ್ತಿ ಹುಟ್ಟಿತ್ತು.

"ನಾನು ಯಾವಾಗ ಹೇಳಿದ್ನೋ? ನನ್ನ ಮಡಿ ನನ್ನ ಸೀರೆಗೆ ಕಣೋ. ಅದನ್ನ ನಾನೇ ಒಕ್ಕೋತೀನಿ. ನಿನ್ನ ಪಂಚೆಗೆ ಮಡಿ ಅಂತ ಯಾರೋ ಹೇಳಿದ್ದು?"

"ಹಂಗಲ್ಲಮ್ಮ, ಸುಮ್ನೆ ಖರ್ಚು..."

"ಹೋಗು. ಸೋಪು ತಗೊಂಡ್ಬಾ. ಆಮೇಲೆ ನಿಂಗೆ ಎಲೆ ಹಾಕೋದು."

ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ಅಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು. ಮದುವೆಯಾಗಿ ಬಂದಾಗಿನಿಂದ ಈ ಮುದುಕಿಯನ್ನು ಬೈದದ್ದೆಲ್ಲ ಅವಳ ಮುಖದ ಮೇಲಿತ್ತು. ನನಗೂ ತಲೆ ಎತ್ತಲು ಆಗಲಿಲ್ಲ.

"ಎಲ್ಲಿ, ಕೈ ತೋರ್ಸು" ಅಂದಳು ಅಜ್ಜಿ.

ಅಮ್ಮ ದೂರದಿಂದಲೇ ಅಂಗೈ ಚಾಚಿದಳು. ಅಜ್ಜಿಯ ಕಣ್ಣಿಗೆ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ. ಹೊಸ್ತಿಲು ದಾಟಿ ಬಂದು ಆ ಎರಡೂ ಕೈಗಳನ್ನು ಹಿಡಿದುಕೊಂಡಳು. "ಅತ್ತೆ, ಮಡಿ" ಎಂದು ಅಮ್ಮ ಎಳೆದುಕೊಳ್ಳಹೋದಳು. ಅಜ್ಜಿ ಬಿಡಲಿಲ್ಲ. ಬಿರುಕುಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸುತ್ತಾ, "ಇನ್ನೊಂದ್ಸಲ ಸ್ನಾನ ಮಾಡ್ತೀನಿ ಬಿಡು" ಅಂದಳು.