ಅವ್ವ ಸುಮ್ಮನಿದ್ದ ಹೊತ್ತು

ಅವ್ವ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ನಮ್ಮೂರು ತಿಕೋಟಾದಲ್ಲಿ ಮಣ್ಣು ಮಾಡಿ, ಜಲನಗರದ ನನ್ನ ಮನೆಗೆ ಮರಳಿ, ರಜೆ ಮುಗಿಯುತ್ತಲೇ ಕಾಲೇಜಿಗೆ ಹೋಗಿ ಪಾಠ ಮಾಡಿದೆ. ಕಲ್ಲೆದೆಯವಳು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ನನಗೆ ಸಿಟ್ಟೂ ಬರಲಿಲ್ಲ.

ಅವಳ ದನಿ ಉಳಿದದ್ದು ಅವಳ ಬಟನ್ ಫೋನಿನಲ್ಲಿ ಮಾತ್ರ. ನನಗೆ ಕಳಿಸಲೆಂದು ಅಕ್ಕ ಅವಳಿಗೆ ರೆಕಾರ್ಡ್ ಗುಂಡಿ ತೋರಿಸಿಕೊಟ್ಟಿದ್ದಳು. “ಉಂಡಿ ಏನವಾ?” ಎಂದು ಶುರು, “ಆತು ಬಿಡು” ಎಂದು ಮುಕ್ತಾಯ. ನಡುವೆ ಮಾತಿಲ್ಲ, ಬರೀ ಸುಂಯ್ ಎನ್ನುವ ಸದ್ದು. ಬಬಲೇಶ್ವರದಲ್ಲಿರುವ ಅಕ್ಕ ಅದನ್ನು ದಿನಾ ಕಿವಿಗೊತ್ತಿಕೊಂಡು, “ಅವ್ವ ಉಸಿರಾಡಾಕತ್ತಾಳ, ಕೇಳು” ಎನ್ನುತ್ತಿದ್ದಳು. ನನಗೂ ಹಾಗೇ ಕೇಳಿಸುತ್ತಿತ್ತು.

ನಾನು ಕಲಿಸುವುದು ಇದನ್ನೇ: ಒತ್ತಿ ಚಿಕ್ಕದಾಗಿಸಿದ ಧ್ವನಿಯ ಬಿಟ್‌ಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಓದುವುದು. ಅಂಥ ಫೈಲು ಸಣ್ಣ ತುಂಡುಗಳ ಸಾಲು. ಪ್ರತಿ ತುಂಡಿನ ತಲೆಯಲ್ಲಿರುವ ಕೆಲವು ಬಿಟ್‌ಗಳು ಒಳಗೇನಿದೆ ಎಂದು ಹೇಳುತ್ತವೆ, ಅಡುಗೆಮನೆಯ ಡಬ್ಬಿಗೆ ಅಂಟಿಸಿದ ಚೀಟಿಯ ಹಾಗೆ. ಪಾಠಕ್ಕೊಂದು ಉದಾಹರಣೆ ಬೇಕಿತ್ತು. ಅಕ್ಕನ ಹತ್ತಿರವಿದ್ದ ಫೋನಿನಿಂದ ಇಳಿಸಿಕೊಂಡಿದ್ದ ಅವ್ವನ ಫೈಲನ್ನೇ ತೆರೆದೆ.

ಮೊದಲ ತುಂಡುಗಳ ಮೇಲೆ ‘ಮಾತು’ ಎಂಬ ಗುರುತಿತ್ತು. ಆಮೇಲೆ ಉದ್ದಕ್ಕೂ ‘ಮೌನ’. ಅಲ್ಲಿ ಫೋನು ಕೇಳಿದ್ದನ್ನು ಬರೆದಿಡುವುದಿಲ್ಲ; ಹಿನ್ನೆಲೆ ಸದ್ದಿನ ಅಂದಾಜನ್ನಷ್ಟೇ ಇಡುತ್ತದೆ. ಫೋನು ಕೆಟ್ಟಿತೆಂದು ಕೇಳುವವರು ಗಾಬರಿಯಾಗದಿರಲೆಂದು ಕೇಳಿಸುವಾಗ ತಾನೇ ಒಂದು ಸುಂಯ್ ಹುಟ್ಟಿಸುತ್ತದೆ. ಅದು ಅವ್ವನ ಉಸಿರಲ್ಲ.

ಭಾನುವಾರ ಹೋಗಿ ಅಕ್ಕನಿಗೆ ಹೇಳಿದೆ. ಗೊತ್ತಿದ್ದೂ ಅವಳ ಪಕ್ಕ ಕೂತು ಹೂಂಗುಟ್ಟುವುದು ನನ್ನಿಂದಾಗದ ಮಾತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹಂಗಾರ ಅದರಾಗ ಅವ್ವ ಇಲ್ಲವೇ ಇಲ್ಲೇನು?”

“ಉಸಿರಿಲ್ಲಕ್ಕಾ.”

“ಆಕಿ ಸುಮ್ನ ಕುಂತಿದ್ಲಲ್ಲ, ಅದಾದ್ರೂ ಖರೆ ಏನು?”

“ಅದು ಖರೆ. ಅಷ್ಟೂ ಹೊತ್ತು ಸುಮ್ನ ಇದ್ಲು ಅಂತ ಬರದೈತಿ.”

ಅಕ್ಕ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. “ಅವ್ವಗ ರೆಕಾರ್ಡ್ ಅಂದ್ರ ಏನ್ ತಿಳೀತೈತಿ? ಫೋನ್ ಹತ್ತೈತಿ ಅಂತ ತಿಳಿದಾಳ. ಉಂಡಿ ಏನಂತ ಕೇಳಿ, ನೀ ಮಾತಾಡ್ತಿ ಅಂತ ಕಾದಾಳ.”

ನಾನು ಅವ್ವನ ಫೋನು ಕೈಗೆತ್ತಿಕೊಂಡೆ. “ಹಚ್ಚು ಇನ್ನೊಮ್ಮಿ” ಎಂದಳು. ಹಚ್ಚಿದೆ. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು, ಇಬ್ಬರೂ ತೆಗೆಯಲಿಲ್ಲ. ಅಳು ಆಗಲೂ ಬರಲಿಲ್ಲ. ಅವ್ವ “ಉಂಡಿ ಏನವಾ?” ಎಂದಳು. ಸುಂಯ್ ಶುರುವಾಯಿತು. ಅವಳು “ಆತು ಬಿಡು” ಎನ್ನುವುದರೊಳಗೆ, “ಹೂಂ ಬೇ ಯವ್ವಾ, ಉಂಡೇನಿ” ಎಂದೆ.